ಅಡ್ಡಸಾಲು ಕಂಬಸಾಲಾದ ದಿನ

ಕಳೆದ ವಾರ ಬೀರು ಖಾಲಿ ಮಾಡುವಾಗ, ಅಂಚಿನುದ್ದಕ್ಕೂ ತೂತುಗಳಿದ್ದ ಹಳೆಯ ಪ್ರಿಂಟರ್ ಕಾಗದವೊಂದು ಸಿಕ್ಕಿತು. ಅದರ ಮೇಲೆ ಹಸಿರು ಶಾಯಿಯ ಪುಟ್ಟ ಪುಟ್ಟ ಅಂಕಿಗಳು. ಮೇಡಂ ಕೈಬರಹ...

ಎರಡು ಸಾವಿರದ ಇಸವಿಯ ಆಸುಪಾಸು. ದೊಮ್ಮಲೂರಿನ ಮಹಡಿಯೊಂದರಲ್ಲಿ ನಮ್ಮ ಸಣ್ಣ ಆಫೀಸು. ಕ್ಯಾನ್ಸರ್ ರೋಗಿಗಳಿಗೆ ಎಷ್ಟು ವಿಕಿರಣ ಕೊಡಬೇಕೆಂದು ಲೆಕ್ಕ ಹಾಕುವ ತಂತ್ರಾಂಶ ಬರೆಯುತ್ತಿದ್ದೆವು. ಲೆಕ್ಕದ ಭಾಗ ಮೇಡಂ ಅವರದು. ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರಾಗಿ ಬಂದವರು. ಫೋರ್ಟ್ರಾನ್ ಎಂಬ ಹಳೆಯ ಕಂಪ್ಯೂಟರ್ ಭಾಷೆ ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ಪರದೆಯ ಭಾಗ ನನ್ನದು, ಸಿ ಭಾಷೆಯಲ್ಲಿ. ನನ್ನ ಸಿ ಅವರ ಫೋರ್ಟ್ರಾನನ್ನು ಕರೆದು, ಕೋಷ್ಟಕವೊಂದನ್ನು ಕೊಟ್ಟು, ಉತ್ತರ ಪಡೆಯಬೇಕಿತ್ತು.

ತಂತ್ರಾಂಶದ ಸಿಡಿ ಆಸ್ಪತ್ರೆಗೆ ಹೋಗುವ ಹಿಂದಿನ ದಿನ, ಪರೀಕ್ಷೆಯಲ್ಲಿ ಒಂದು ಉತ್ತರ ಇರಬೇಕಾದ್ದಕ್ಕಿಂತ ಹೆಚ್ಚಾಗಿ ಬಂದದ್ದು ನನ್ನ ಕಣ್ಣಿಗೆ ಬಿದ್ದಿತ್ತು. ಮಿಕ್ಕವೆಲ್ಲ ಸರಿಯಿದ್ದವಲ್ಲ ಎಂದು ಸುಮ್ಮನಾದೆ.

ಮರುದಿನ ಬೆಳಿಗ್ಗೆ ಆಸ್ಪತ್ರೆಯ ವ್ಯಾನು ಕೆಳಗೆ ಬಂದು ನಿಂತಿತ್ತು. ಪ್ರಿಂಟರ್ ಕಾಗದದ ಮೇಲೆ ಹಸಿರು ಶಾಯಿಯಲ್ಲಿ ಕೈಯಲ್ಲೇ ಲೆಕ್ಕ ಮಾಡುತ್ತ ಕೂತಿದ್ದ ಮೇಡಂ ತಟ್ಟನೆ ಎದ್ದು, ಸಿಡಿಯನ್ನು ತಮ್ಮ ಬ್ಯಾಗಿಗೆ ಹಾಕಿಕೊಂಡರು.

"ಮೇಡಂ, ಡಾಕ್ಟರು ಕಾಯ್ತಿದ್ದಾರೆ. ಕೊಡ್ರೀ," ಎಂದರು ನಮ್ಮ ಮಾಲೀಕರು.

"ಕೊಡಲ್ಲ ಸಾರ್. ಕೈ ಲೆಕ್ಕಕ್ಕೆ ತಾಳೆ ಆಗ್ತಿಲ್ಲ. ಯಾರಿಗೋ ಡೋಸ್ ಹೆಚ್ಚಾಗ್ಬಿಡತ್ತೆ."

"ಈ ಕಾಂಟ್ರಾಕ್ಟ್ ಕೈತಪ್ಪಿದ್ರೆ ನೀವು ಇಲ್ಲಿರಲ್ಲ, ನೆನಪಿರ್ಲಿ!"

ಬ್ಯಾಗನ್ನು ಎದೆಗವಚಿಕೊಂಡೇ ಮೇಡಂ ನನ್ನ ಕಡೆ ತಿರುಗಿದರು. "ನಿನ್ನೆ ನೀನೇನಾದ್ರೂ ನೋಡಿದ್ಯೇನಮ್ಮ?"

"ಇಲ್ಲ ಮೇಡಂ," ಎಂದೆ.

ಮಧ್ಯಾಹ್ನದ ಹೊತ್ತಿಗೆ ತಪ್ಪು ಸಿಕ್ಕಿತು. ಸಿ ಭಾಷೆ ಕೋಷ್ಟಕವನ್ನು ಅಡ್ಡಸಾಲಾಗಿ ಇಟ್ಟುಕೊಳ್ಳುತ್ತದೆ, ಫೋರ್ಟ್ರಾನ್ ಕಂಬಸಾಲಾಗಿ. ನಾನು ತಿರುಗಿಸದೆ ಹಾಗೇ ಕೊಟ್ಟಿದ್ದೆ. ಗೆಡ್ಡೆಯ ಆಳವಿರಬೇಕಾದಲ್ಲಿ ಕಿರಣದ ಅಗಲ, ಅಗಲವಿರಬೇಕಾದಲ್ಲಿ ಆಳ. ಪರೀಕ್ಷೆ ಮಾಡುವಾಗ ಆಳ, ಅಗಲ ಎರಡೂ ಒಂದೇ ಇರುವ ಅಂಕಿಗಳನ್ನೇ ಹೆಚ್ಚಾಗಿ ಕೊಟ್ಟಿದ್ದೆ. ಅದಕ್ಕೇ ಉತ್ತರ ಸರಿ ಬರುತ್ತಿತ್ತು.

ಮೇಡಂ ಬೈಯಲಿಲ್ಲ. "ಸರಿ ಮಾಡಮ್ಮ," ಎಂದರು, ಅಷ್ಟೇ...

ಸಿಡಿ ಎರಡು ದಿನ ತಡವಾಗಿ ಹೋಯಿತು. ಕಾಂಟ್ರಾಕ್ಟೂ ಉಳಿಯಿತು. ಆದರೆ ಎಲ್ಲರೆದುರು ಎದುರುತ್ತರ ಕೊಟ್ಟದ್ದನ್ನು ಮಾಲೀಕರು ಮರೆಯಲಿಲ್ಲ. ಆ ತಿಂಗಳ ಕೊನೆಗೆ ಮೇಡಂ ಕುರ್ಚಿ ಖಾಲಿಯಾಯಿತು. ಆಗಲೂ ನಾನು ಬಾಯಿ ಬಿಡಲಿಲ್ಲ.

ಎಷ್ಟೋ ವರ್ಷಗಳ ನಂತರ ಧೈರ್ಯ ಮಾಡಿ ಸಿ.ವಿ. ರಾಮನ್ ನಗರದ ಅವರ ಮನೆಗೆ ಹೋದೆ. ಬಾಗಿಲು ತೆಗೆದ ಅವರ ತಂಗಿ, "ಅಕ್ಕ ಹೋಗಿ ಎಂಟು ತಿಂಗಳಾಯ್ತು," ಎಂದರು. ಒಳಗೆ ಕೂರಿಸಿ ಕಾಫಿ ಕೊಟ್ಟರು. ನಾನು ಯಾರೆಂದು ಹೇಳಿದ ಮೇಲೆ ಮೆಲ್ಲಗೆ ನಕ್ಕರು. "ಓ, ನೀವಾ? ಅವತ್ತು ನೀವು ಸುಳ್ಳು ಹೇಳಿದ್ದು ಮುಖ ನೋಡಿದ್ರೇ ಗೊತ್ತಾಯ್ತಂತೆ. ಪಾಪ, ಹೆದರ್ಕೊಂಡಿದ್ಲು ಅಂತಿದ್ರು."

ಅವರಿಗೆ ಗೊತ್ತಿತ್ತು. ಆದರೂ ನಾನೇ ಹೇಳಬೇಕಿತ್ತು... ಈಗ ಹೇಳಬಲ್ಲೆ, ಕೇಳಿಸಿಕೊಳ್ಳಬೇಕಾದವರಿಲ್ಲ.