ಅತಿಥಿ ಕಪ್ ತೊಳೆದಾಗ

ಒಮಾನಿನ ಬರ್ಕಾದಲ್ಲಿರುವ ನಮ್ಮ ಮಣ್ಣು ಪರೀಕ್ಷೆಯ ಲ್ಯಾಬಿಗೆ ಪುತ್ತೂರಿನ ಶ್ರಾವ್ಯ ತರಬೇತಿಗೆಂದು ಬಂದಿದ್ದಳು. ಮಸ್ಕತ್‌ನ ಕಾಲೇಜೊಂದರಲ್ಲಿ ಓದುತ್ತಿದ್ದವಳು, ಇದ್ದದ್ದು ವಿದ್ಯಾರ್ಥಿ ವೀಸಾ. ತರಬೇತಿಯ ಪರ್ಮಿಟ್ ಇನ್ನೂ ಕೈಸೇರಿರಲಿಲ್ಲ. ಅದು ಬರುವವರೆಗೆ ಏನನ್ನೂ ಮುಟ್ಟದೆ ಸುಮ್ಮನೆ ನೋಡುತ್ತಾ ಕೂರಮ್ಮಾ ಎಂದಿದ್ದೆ. ಪರ್ಮಿಟ್ ಇಲ್ಲದೆ ಕೆಲಸ ಮಾಡಿ ಸಿಕ್ಕಿಬಿದ್ದರೆ ಅವಳ ಓದಿಗೇ ಸಂಚಕಾರ.

ಒಂದು ಬೆಳಿಗ್ಗೆ ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ್ ಬಂದರು. ಒಮಾನಿಯಾದರೂ ಹಿಂದಿ ಸಲೀಸು.

"ಇವರು ಯಾರು?"

"ವಿದ್ಯಾರ್ಥಿನಿ. ಪರ್ಮಿಟ್ ಬರುವವರೆಗೆ ನಮ್ಮ ಅತಿಥಿ," ಎಂದೆ.

ಅಷ್ಟರಲ್ಲಿ ಅತಿಥಿ ಎದ್ದು ಫ್ಲಾಸ್ಕಿನಿಂದ ಅವರಿಗೆ ಖಾವಾ, ಅಂದರೆ ಇಲ್ಲಿಯ ಕಾಫಿ, ಬಗ್ಗಿಸಿ, ಖರ್ಜೂರದ ತಟ್ಟೆ ಮುಂದಿಟ್ಟಳು. ಅವರು ಕುಡಿದು ಮುಗಿಸಿದ್ದೇ ತಡ, ಕಪ್ ಒಯ್ದು ಸಿಂಕಿನಲ್ಲಿ ತೊಳೆಯತೊಡಗಿದಳು.

ಇನ್‌ಸ್ಪೆಕ್ಟರ್ ನನ್ನತ್ತ ತಿರುಗಿದರು. "ನಮ್ಮಲ್ಲಿ ಅತಿಥಿಗಳು ಕಪ್ ತೊಳೆಯುವುದಿಲ್ಲ. ಕೆಲಸಕ್ಕಿದ್ದಾಳೆ ಎಂದು ಬರೆದುಕೊಳ್ಳಲೇ?"

ಉತ್ತರ ಕೊಟ್ಟವಳು ಶ್ರಾವ್ಯಳೇ. "ಹಿರಿಯರು ಬಂದಾಗ ಕೂತೇ ಇದ್ದರೆ ಊರಲ್ಲಿ ಅಮ್ಮ ಬೈತಾರೆ ಸರ್."

ಇನ್‌ಸ್ಪೆಕ್ಟರ್ ಕುರ್ಚಿ ತೋರಿಸಿ ಅವಳನ್ನು ಕೂರಿಸಿದರು, ತಾವೇ ಅವಳಿಗೊಂದು ಕಪ್ ಖಾವಾ ಬಗ್ಗಿಸಿಕೊಟ್ಟು, ಫ್ಲಾಸ್ಕನ್ನು ನನ್ನ ಕೈಗಿತ್ತರು.

"ಪರ್ಮಿಟ್ ಬರುವವರೆಗೆ ಇದು ನಿಮ್ಮ ಕೆಲಸ. ನಿಮಗೆ ಪರ್ಮಿಟ್ ಇದೆಯಲ್ಲ."

ಶ್ರಾವ್ಯಳ ಪರ್ಮಿಟ್ ಬಂತು. ಅದರಲ್ಲಿ ಮಣ್ಣು ಪರೀಕ್ಷೆಯ ತರಬೇತಿ ಎಂದಷ್ಟೇ ಇದೆ. ಹಾಗಾಗಿ ಖಾವಾ ಈಗಲೂ ನಾನೇ ಬಗ್ಗಿಸುತ್ತಿದ್ದೇನೆ.