ದುಡ್ಡು ಕೊಟ್ಟವನಿಗೆ ಬೀಗ

ನನಗೊಂದು ಸಣ್ಣ ಜಂಬವಿದೆ. ಹಾಡುಗಳನ್ನು ನಾನು ದುಡ್ಡು ಕೊಟ್ಟೇ ತೆಗೆದುಕೊಳ್ಳುತ್ತೇನೆ. ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದವನು ಕದ್ದ ಹಾಡು ಕೇಳಿದರೆ ಚೆನ್ನಾಗಿರುವುದಿಲ್ಲ ಎಂಬುದು ಒಂದು ಕಾರಣ. ಕದಿಯುವುದು ಹೇಗೆಂದು ಗೊತ್ತಿಲ್ಲದಿರುವುದು ಇನ್ನೊಂದು. ಎರಡನೆಯದನ್ನು ಹೊರಗೆ ಹೇಳುವುದಿಲ್ಲ.

ಈ ಜಂಬಕ್ಕೆ ಪೆಟ್ಟು ಬಿದ್ದದ್ದು ಭದ್ರಾವತಿಯಲ್ಲಿ. ನ್ಯೂಟೌನಿನಲ್ಲಿರುವ ಅಕ್ಕನಿಗೆ ಕಣ್ಣಿನ ಪೊರೆ ತೆಗೆಸಿ, ಕಪ್ಪು ಕನ್ನಡಕ ಹಾಕಿ ಕೂರಿಸಿದ್ದರು. ಓದುವಂತಿಲ್ಲ, ಟೀವಿ ನೋಡುವಂತಿಲ್ಲ, ಬಗ್ಗುವಂತಿಲ್ಲ. ಸುಮ್ಮನೆ ಕೂತು ಗೊತ್ತಿಲ್ಲದವಳು ಅವಳು. ಎರಡೇ ದಿನದಲ್ಲಿ ಭಾವ ಹಾಕುವ ಒಗ್ಗರಣೆಯ ಸದ್ದಿನಲ್ಲೂ ತಪ್ಪು ಹುಡುಕತೊಡಗಿದ್ದಳು. ಮೂರನೆಯ ದಿನ ಫೋನು ಮಾಡಿ, "ಒಂದಿಷ್ಟು ತತ್ವಪದ ತಂದ್ಕೊಡೋ ಮಾರಾಯ, ಇಲ್ದಿದ್ರೆ ನಂಗೆ ಹುಚ್ಚು ಹಿಡಿಯುತ್ತೆ" ಎಂದಳು. ದನಿ ಅಳುವ ಹಾಗಿತ್ತು. ಅಕ್ಕ ಅತ್ತದ್ದನ್ನು ನಾನು ಕೇಳಿದವನೇ ಅಲ್ಲ. ನಿಜಕ್ಕೂ ಸಂಕಟವಾಯಿತು.

ಶಿವಮೊಗ್ಗದ ನವುಲೆಯ ನನ್ನ ಮನೆಯಲ್ಲಿ ಕೂತು, ದೊಡ್ಡ ಹೆಸರಿನ ಒಂದು ಆ್ಯಪಿನಲ್ಲಿ ಪದಗಳನ್ನು ಕೊಂಡು, ಪೆನ್‌ಡ್ರೈವಿಗೆ ತುಂಬಿಕೊಂಡು ಬಸ್ಸು ಹತ್ತಿದೆ. ಅಕ್ಕನ ಸ್ಪೀಕರ್ ಡಬ್ಬಿಗೆ ಸಿಕ್ಕಿಸಿದರೆ ನೀಲಿ ದೀಪ ಮಿಣುಕಿತೇ ಹೊರತು ಹಾಡು ಬರಲಿಲ್ಲ. ಅಕ್ಕ ಡಬ್ಬಿಯನ್ನು ತಡವಿ ನೋಡಿ ಪಕ್ಕಕ್ಕೆ ಸರಿಸಿದಳು. ಅದೇ ಬೈಗುಳಕ್ಕಿಂತ ಕಷ್ಟವಾಗಿತ್ತು.

ಓಲ್ಡ್ ಟೌನಿನ ಮೊಬೈಲ್ ಅಂಗಡಿಯ ಮುರುಗ ವಿಷಯ ಬಿಡಿಸಿ ಹೇಳಿದ. ಕೊಂಡವನ ಫೋನಿನಲ್ಲಿ ಮಾತ್ರ ಹಾಡಬೇಕೆಂದು ಕಂಪನಿಯವರು ಬೀಗ ಹಾಕಿರುತ್ತಾರಂತೆ. ನನ್ನ ಫೋನನ್ನು ಅಲ್ಲೇ ಬಿಟ್ಟು ಬರುವಂತಿಲ್ಲ, ಅಕ್ಕನದೋ ಗುಂಡಿ ಒತ್ತುವ ಫೋನು. "ಬೀಗ ಇರೋದು ದುಡ್ಡು ಕೊಟ್ಟೋರಿಗೆ ಮಾತ್ರ ಸಾರ್. ನನ್ ಹತ್ರ ಬರೋರಿಗೆ ಏನೂ ತೊಂದ್ರೆ ಇಲ್ಲ" ಎಂದು, ಟೀ ಕುಡಿದು ಮುಗಿಸುವಷ್ಟರಲ್ಲಿ ಸಾವಿರ ಹಾಡು ತುಂಬಿಕೊಡುತ್ತೇನೆಂದ.

ನಮ್ಮಲ್ಲಿ ಹೆಪ್ಪಿಗೆ ಒಂದು ಚಮಚ ಮೊಸರು ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ. ಕೊಟ್ಟವರ ಪಾತ್ರೆ ಖಾಲಿಯಾಗುವುದಿಲ್ಲ, ಕೇಳಿದವರ ಪಾತ್ರೆ ತುಂಬುತ್ತದೆ. ತತ್ವಪದಗಳೂ ಹಾಗೆಯೇ ಬಾಯಿಂದ ಬಾಯಿಗೆ ಬಂದವು. ಹಾಡಿದ ಯಾವ ಸಾಧುವೂ ಕೇಳುವವನ ಕಿವಿಗೆ ಬೀಗ ಹಾಕಲಿಲ್ಲ. ಆದರೆ ಹಸು ಸಾಕಿದವನಿಗೆ ಹಾಲಿನ ದುಡ್ಡೇ ಕೊಡದಿದ್ದರೆ ಹೆಪ್ಪು ಹಾಕುವುದು ಯಾವುದಕ್ಕೆ? ಇಷ್ಟೆಲ್ಲ ಯೋಚಿಸಿದರೂ ಅರ್ಧ ಲೋಟ ಟೀ ಮುಗಿಯುವವರೆಗೆ ನಾನು ಮನಸ್ಸಿನಲ್ಲಿ ಕಳ್ಳನೇ ಆಗಿದ್ದೆ.

ನನ್ನ ಪೇಚಾಟ ನೋಡಲಾರದೆ ಮುರುಗನೇ ಇನ್ನೊಂದು ದಾರಿ ಹೇಳಿದ. ಶಿವಮೊಗ್ಗದ ಹಾಡುಗಾರ್ತಿಯೊಬ್ಬಳು ತನ್ನ ಪದಗಳನ್ನು ತಾನೇ ಮಾರುತ್ತಾಳೆ, ಬೀಗವಿಲ್ಲದೆ. ಅವಳ ನಂಬರಿಗೆ ದುಡ್ಡು ಕಳಿಸಿದೆ, ಹಾಡು ಬಂತು, ಮುರುಗ ಪೆನ್‌ಡ್ರೈವಿಗೆ ಹಾಕಿಕೊಟ್ಟ. ಅಂದು ಸಂಜೆ ಅಕ್ಕ ಕನ್ನಡಕದೊಳಗೇ ಕಣ್ಣು ಮುಚ್ಚಿ ಕೇಳಿದಳು, ಭಾವ ನೆಮ್ಮದಿಯಾಗಿ ಒಗ್ಗರಣೆ ಹಾಕಿದರು. ಆಮೇಲೆ ನಾನು ಆ ದೊಡ್ಡ ಆ್ಯಪಿನ ಕಡೆ ಹೋಗಿಲ್ಲ. ದುಡ್ಡು ಕೊಟ್ಟ ಗಿರಾಕಿಯನ್ನೇ ಕಳ್ಳನೆಂದು ನೋಡುವ ಅಂಗಡಿಗೆ ಯಾರು ಹೋಗುತ್ತಾರೆ?

ವಾರದ ನಂತರ ಅಕ್ಕನ ಮನೆಗೆ ಹೋದಾಗ ಪಕ್ಕದ ಮನೆಯ ಸೆಲ್ವಿ ಬಂದು, ಅದೇ ಪದಗಳು ತನಗೂ ಬೇಕೆಂದಳು. ಈಗ ಬೀಗವಿಲ್ಲವಲ್ಲ, ನಾನು ಧಾರಾಳವಾಗಿ ಪೆನ್‌ಡ್ರೈವಿಗೆ ಕೈ ಹಾಕಿದೆ. ಅಕ್ಕ ತಡೆದಳು.

"ಬೀಗ ಹಾಕ್ದೆ ಕೊಟ್ಟಿದಾಳೆ ಅಂದ್ರೆ ನಮ್ಮನ್ನ ನಂಬಿದಾಳೆ ಅಂತ ಕಣೋ. ಇವಳಿಗೆ ಆ ಹುಡುಗಿ ನಂಬರ್ ಕೊಡು."

ನಾನು ನಂಬರ್ ಬರೆದುಕೊಟ್ಟೆ. ಯಾವ ಕಂಪನಿಯ ಬೀಗವೂ ನನ್ನ ಕೈಯನ್ನು ಅಷ್ಟು ಗಟ್ಟಿಯಾಗಿ ಹಿಡಿದಿರಲಿಲ್ಲ.