ಕಾಲು ತಾಗಿದ್ದಕ್ಕೆ ಪೆನಾಲ್ಟಿ

ಮೊನ್ನೆ ರವಿವಾರ ಮುದ್ದೇಬಿಹಾಳದಿಂದ ಬಸವನ ಬಾಗೇವಾಡಿಗೆ ಹೊರಟ ಬಸ್ಸಿನಲ್ಲಿ ನನ್ನ ಬೂಟಿನ ತುದಿ ಮುಂದೆ ನಿಂತಿದ್ದ ಹಿರಿಯರೊಬ್ಬರ ಹಿಮ್ಮಡಿಗೆ ತಾಗಿತು. ಬಗ್ಗಲು ಜಾಗವಿರಲಿಲ್ಲ. ಆದರೂ ನನ್ನ ಕೈ ತಾನಾಗಿಯೇ ಹೋಗಿ ಅವರ ತೋಳು ಮುಟ್ಟಿ, ಹಿಂದೆ ಬಂದು ಕಣ್ಣಿಗೊತ್ತಿಕೊಂಡಿತು. ಅವರು ತಿರುಗಿ, ಇರ್ಲಿ ತಗೋರಿ ಅಂದರು. ಅಷ್ಟೆ. ನೀವೂ ದಿನಕ್ಕೆ ನಾಲ್ಕು ಸಲ ಹೀಗೆ ಮಾಡುತ್ತೀರಿ, ಮಾಡಿದ್ದು ನಿಮಗೆ ಗೊತ್ತೂ ಆಗುವುದಿಲ್ಲ. ನನಗೆ ಮಾತ್ರ ಪ್ರತಿ ಸಲವೂ ಗೊತ್ತಾಗುತ್ತದೆ. ಈ ಒಂದು ಚಾಳಿಗಾಗಿ ನಾನು ಒಂದು ದೇಶವನ್ನೇ ಬಿಟ್ಟು ಬಂದವನು.

ಮಾತು ದೊಡ್ಡದಾಯಿತೇ? ಆಗಲಿ. ವಿದೇಶದಲ್ಲಿ ಫುಟ್ಬಾಲ್ ಆಡುತ್ತಿದ್ದೆ ಎಂದರೆ ಜನ ಟಿವಿಯಲ್ಲಿ ಕಂಡದ್ದನ್ನೆಲ್ಲ ನನ್ನ ಮೈಮೇಲೆ ಹೊದಿಸಿಬಿಡುತ್ತಾರೆ. ನಮ್ಮ ತಂಡ ಪೋರ್ಚುಗಲ್ಲಿನ ಒಂದು ಸಣ್ಣ ಊರಿನದು, ಕೆಳಗಿನಿಂದ ಎಣಿಸಿದರೆ ಬೇಗ ಸಿಗುವಂಥದ್ದು. ಹಗಲು ಬಾಟಲಿಯ ಬೆಂಡು ಮಾಡುವ ಕಾರ್ಖಾನೆಯಲ್ಲಿ ಕೆಲಸ, ಸಂಜೆ ಅಭ್ಯಾಸ, ವಾರಕ್ಕೊಂದು ಪಂದ್ಯ. ನೋಡಲು ಬರುವವರಲ್ಲಿ ಅರ್ಧ ಜನ ಆಟಗಾರರ ಬೀಗರೇ. ನಾನು ಡಿಫೆಂಡರ್. ಗೋಲು ಹೊಡೆಯುವವನ ಹೆಸರು ಊರಿಗೆಲ್ಲ ಗೊತ್ತು, ತಡೆಯುವವನ ಹೆಸರು ಬೈಯುವಾಗ ಮಾತ್ರ ನೆನಪಾಗುತ್ತದೆ.

ಮುದ್ದೇಬಿಹಾಳದವನಿಗೆ ಫುಟ್ಬಾಲ್ ಎಲ್ಲಿಂದ ಬಂತು ಎನ್ನುತ್ತೀರಿ. ನಮ್ಮ ಕಡೆಯ ಎಷ್ಟೋ ಮನೆಗಳಂತೆ ನಮ್ಮ ಮನೆಯೂ ಗೋವೆಗೆ ದುಡಿಯಲು ಹೋಗಿತ್ತು. ಅಪ್ಪ ಗೌಂಡಿ, ಅವ್ವ ಅವನ ಕೈಕೆಳಗೆ ಸಿಮೆಂಟಿನ ಬುಟ್ಟಿ ಹೊರುವವಳು. ಅವರು ಕಟ್ಟುತ್ತಿದ್ದ ಮನೆಗಳ ಹಿಂದಿನ ಬಯಲಿನಲ್ಲಿ ನಾನು ಚೆಂಡು ಒದೆಯುವುದನ್ನು ಕಲಿತೆ. ಅಲ್ಲಿನ ತರಬೇತುದಾರರೊಬ್ಬರು ಪೋರ್ಚುಗಲ್ಲಿನ ತಮ್ಮ ಗೆಳೆಯನಿಗೆ ಒಂದು ಮಾತು ಹೇಳಿದರು, ನಾನು ಹೋದೆ.

ಹೋದ ಮೂರನೇ ಪಂದ್ಯದಲ್ಲೇ ಎಡವಟ್ಟಾಯಿತು. ನಮ್ಮ ಗೋಲಿನ ಮುಂದೆ ಎದುರಾಳಿಯ ಕಾಲಿನಿಂದ ಚೆಂಡನ್ನು ಚೊಕ್ಕವಾಗಿ ಕಿತ್ತುಕೊಂಡೆ. ಅವನು ಬಿದ್ದ. ನನ್ನ ಬೂಟು ಅವನಿಗೆ ಒಂಚೂರು ಸವರಿತ್ತು, ಹಾಗಾಗಿ ಬಗ್ಗಿ ಅವನ ಮೊಣಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡೆ. ರೆಫರಿ ಪೆನಾಲ್ಟಿ ಕೊಟ್ಟ. ಬಿದ್ದವನನ್ನು ಮುಟ್ಟಿ ಕ್ಷಮೆ ಕೇಳಿದನೆಂದರೆ ತಪ್ಪು ಒಪ್ಪಿಕೊಂಡ ಹಾಗೆಯೇ ಅಲ್ಲವೇ ಎಂದು ಕೇಳಿದನಂತೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಾದೆ ನಾನು.

ತಂಡದ ಹುಡುಗರಿಗೆ ಇದೊಂದು ಆಟವಾಯಿತು. ಬೇಕೆಂದೇ ನನ್ನ ಕಾಲಿಗೆ ಕಾಲು ಕೊಟ್ಟು, ಇವನು ಮುಟ್ಟುತ್ತಾನೋ ಇಲ್ಲವೋ ಎಂದು ಕಾಯುವರು. ನಾನು ಮುಟ್ಟುತ್ತಿದ್ದೆ. ಚೆಂಡನ್ನೂ ಒದೆಯುತ್ತೀಯಲ್ಲ, ಅದಕ್ಕೇಕೆ ಕೈ ಮುಗಿಯುವುದಿಲ್ಲ ಎಂದು ತಿಯಾಗೋ ಕೇಳಿದ. ಅವನು ನಮ್ಮ ಎಡಬದಿಯ ಆಟಗಾರ, ಕಾರ್ಖಾನೆಯಲ್ಲಿ ನನ್ನ ಪಕ್ಕದ ಯಂತ್ರದವನು. ತಮಾಷೆಗೆಂದು ಶುರುಮಾಡಿದವನು ತಿಂಗಳೊಪ್ಪತ್ತಿನಲ್ಲಿ ತಾನೇ ಎಲ್ಲರನ್ನೂ ಮುಟ್ಟಿ ಕಣ್ಣಿಗೊತ್ತಿಕೊಳ್ಳತೊಡಗಿದ.

ಕೋಚ್‌ಗೆ ಮಾತ್ರ ನಗು ಬರಲಿಲ್ಲ. ಡಿಫೆಂಡರ್ ಎಂದರೆ ಎದುರಿಗಿದ್ದವನು ಹೆದರಬೇಕು, ನೀನು ಅವನ ಕಾಲಿಗೆ ಬೀಳುತ್ತೀಯ ಎಂದರು. ಇನ್ನೊಮ್ಮೆ ಆ ಕೈ ಕಂಡರೆ ಮುಂದಿನ ವರ್ಷ ತಂಡದಲ್ಲಿ ನೀನಿಲ್ಲ ಎಂದೂ ಹೇಳಿದರು. ತಂಡದಲ್ಲಿಲ್ಲ ಎಂದರೆ ಆ ದೇಶದಲ್ಲೇ ಇಲ್ಲ, ನನ್ನ ಕಾಗದಪತ್ರಗಳೆಲ್ಲ ತಂಡದ ಹೆಸರಿಗೇ ಜೋತುಬಿದ್ದಿದ್ದವು.

ಅವ್ವನಿಗೆ ಫೋನಿನಲ್ಲಿ ಹೇಳಿದೆ. ಆಕೆ ಬಹಳ ಹೊತ್ತು ನಕ್ಕು, ಅಲ್ಲಿ ಯಾರಿಗೂ ಯಾರ ಕಾಲೂ ತಾಗುವುದಿಲ್ಲವೇ ಎಂದು ಕೇಳಿದಳು. ಬಿಡು ಎನ್ನಲಿಲ್ಲ, ಬಿಡಬೇಡ ಎನ್ನಲಿಲ್ಲ. ಆದರೆ ಫೋನಿಟ್ಟ ಮೇಲೆ ನನಗೆ ಗೋವೆಗೆ ಹೋಗುವ ಬಸ್ಸು ನೆನಪಾಯಿತು. ಆಗ ನನಗೆ ಹತ್ತು ವರ್ಷವಿರಬೇಕು. ಸೀಟು ಸಿಗದೆ ಅವ್ವ ನಡುದಾರಿಯಲ್ಲಿ ಬಟ್ಟೆ ಗಂಟುಗಳ ನಡುವೆ ಕೂತಿದ್ದಳು. ಇಳಿಯಲು ಹೊರಟ ಒಬ್ಬ ಮನುಷ್ಯ ಬೂಟುಗಾಲಿನಲ್ಲಿ ಅವಳ ಕೈಬೆರಳು ತುಳಿದ. ತಿರುಗಿ ನೋಡಿದ, ಬೂಟಿಗೆ ಏನಾದರೂ ಹತ್ತಿತೇ ಎಂದು ನೋಡಿಕೊಂಡು ಇಳಿದುಹೋದ. ನಾನು ಕಿಡಿಕಿಡಿಯಾದೆ. ಅವ್ವ ಬೆರಳನ್ನು ಬಾಯಿಯ ಹತ್ತಿರ ಹಿಡಿದು ಊದಿ, ಮೆಲ್ಲಗೆ ಹೇಳಿದಳು:

"ಕಾಲ ಎಲ್ಲಾರ್ದೂ ತಾಗ್ತಾವಪಾ. ಅಂವ ಹೊಳ್ಳಿ ಮುಟ್ಟಿದ್ರ ನಾ ಮನಷ್ಯಾಳು. ಮುಟ್ಟಲಿಲ್ಲ, ನಾನೂ ಒಂದು ಗಂಟು ಆದ್ನಿ."

ಆ ಸಿಟ್ಟು ನನ್ನಲ್ಲಿ ಇಂದಿಗೂ ಆರಿಲ್ಲ, ಆರುವುದು ಬೇಕಾಗಿಯೂ ಇಲ್ಲ. ಮರುದಿನ ಕೋಚ್ ಎದುರು ನಿಂತು, ಚೆಂಡು ಕಿತ್ತುಕೊಳ್ಳುವುದು ನನ್ನ ಕೆಲಸ, ಮಾಡುತ್ತೇನೆ, ಕೈಯ ಸುದ್ದಿಗೆ ಮಾತ್ರ ಬರಬೇಡಿ ಎಂದುಬಿಟ್ಟೆ. ನನ್ನ ಹರಕು ಪೋರ್ಚುಗೀಸಿನಲ್ಲಿ ಅದು ಹೇಗೆ ಕೇಳಿಸಿತೋ, ಎರಡು ತಿಂಗಳು ಬೆಂಚಿನ ಮೇಲೆ ಕೂತೆ.

ಕೊನೆಯ ಪಂದ್ಯಕ್ಕೆ ಬೇರೆ ಡಿಫೆಂಡರ್‌ನ ಮೊಣಕಾಲು ಬಾತು, ನನ್ನನ್ನು ಕರೆಯಲೇಬೇಕಾಯಿತು. ಸೋಲದಿದ್ದರೆ ಸಾಕು, ತಂಡ ಆ ದರ್ಜೆಯಲ್ಲಿ ಉಳಿಯುತ್ತಿತ್ತು. ಆಟ ಮುಗಿಯಲು ಸ್ವಲ್ಪವೇ ಹೊತ್ತಿತ್ತು. ಎದುರಾಳಿ ನುಗ್ಗಿ ಬಂದ. ನಾನು ಜಾರಿ ಹೋಗಿ ಚೆಂಡನ್ನು ಗೆರೆಯಾಚೆಗೆ ಅಟ್ಟಿದೆ. ಅವನು ನನ್ನ ಕಾಲಿನ ಮೇಲಿಂದ ಉರುಳಿದ. ಎದ್ದು ನಿಂತಾಗ ಗೆರೆಯಾಚೆಯಿಂದ ಕೋಚ್ ನನ್ನ ಹೆಸರು ಹಿಡಿದು ಕೂಗುತ್ತಿದ್ದರು. ಏಕೆಂದು ನನಗೆ ಗೊತ್ತಿತ್ತು. ಕೈ ತಡೆಯಬಹುದಾಗಿತ್ತು. ತಡೆಯಲಿಲ್ಲ. ಅಂದು ಅದು ಚಾಳಿಯಲ್ಲ, ಬೇಕೆಂದೇ ಬಗ್ಗಿ, ಎಲ್ಲರಿಗೂ ಕಾಣುವ ಹಾಗೆ, ಎರಡೂ ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಸೀಟಿ ಕೇಳಿತು. ಪೆನಾಲ್ಟಿ, ಗೋಲು, ಸೋಲು.

ಬಟ್ಟೆ ಬದಲಿಸುವ ಕೋಣೆಯಲ್ಲಿ ತಿಯಾಗೋ ಅಳುತ್ತಾ ಹೊರಗೆ ಹೋಗುವಾಗ ಅವನ ಬೂಟು ನನ್ನ ಪಾದಕ್ಕೆ ಜೋರಾಗಿ ತಾಗಿತು. ಅವನು ಮುಟ್ಟಲಿಲ್ಲ. ದರ್ಜೆ ಕಳೆದುಕೊಂಡದ್ದಕ್ಕಿಂತ, ದೇಶ ಬಿಟ್ಟದ್ದಕ್ಕಿಂತ ನನಗೆ ಇದೇ ಹೆಚ್ಚು ನೋವಾಯಿತು.

ಇದೆಲ್ಲ ಆಗಿ ಎಂಟು ವರ್ಷ. ಈಗ ನಾನು ಹೈಸ್ಕೂಲೊಂದರಲ್ಲಿ ಪಿ.ಟಿ. ಮಾಸ್ತರ. ಈ ಕಥೆಯನ್ನು ಹೇಳಿ ಹೇಳಿ ನುಣುಪು ಮಾಡಿದ್ದೇನೆ: ಕೊನೆಯ ಪಂದ್ಯದಲ್ಲೂ ನನ್ನ ಕಾಲು ಚೊಕ್ಕವಿತ್ತು, ಆ ರೆಫರಿ ಕೈ ನೋಡಿ ಪೆನಾಲ್ಟಿ ಕೊಟ್ಟ. ಮೊನ್ನೆ ಬಸ್ಸು ಹತ್ತಿದ್ದು ಬಾಗೇವಾಡಿಯಲ್ಲಿ ಇಂಡಿ ಮತ್ತು ಸಿಂದಗಿ ತಂಡಗಳ ಪಂದ್ಯಕ್ಕೆ, ರೆಫರಿಯಾಗಿ. ಇಂಡಿ ತಂಡದ ಡಿಫೆಂಡರ್ ಚಡಚಣದ ಕಡೆ ದ್ರಾಕ್ಷಿ ಲಾರಿ ಓಡಿಸುವ ದಪ್ಪ ಮೀಸೆಯವನು. ತನ್ನ ಗೋಲಿನ ಮುಂದೆ ಸಿಂದಗಿಯವನಿಂದ ಚೆಂಡು ಕಿತ್ತುಕೊಂಡ, ಅವನನ್ನು ಕೆಡವಿದ, ಬಗ್ಗಿ ಭುಜ ಮುಟ್ಟಿ ಕಣ್ಣಿಗೊತ್ತಿಕೊಂಡ. ನಾನು ಸೀಟಿ ಊದಿ ಪೆನಾಲ್ಟಿ ಎಂದು ಕೈ ತೋರಿಸಿದೆ.

ಮೀಸೆಯವನು ನನ್ನ ಮೂಗಿಗೆ ಮೂಗು ತಾಗಿಸಿ ನಿಂತ. "ನಮಸ್ಕಾರ ಮಾಡಿದ್ದಕ್ಕ ಪೆನಾಲ್ಟಿ ಏನ್ರಿ, ಸರ?"

"ಕೈ ನೋಡಿ ಕೊಟ್ಟಿಲ್ಲಪಾ, ಕಾಲ ನೋಡಿ ಕೊಟ್ಟೇನಿ," ಅಂದೆ. "ಚೆಂಡಿಗಿಂತ ಮೊದ್ಲ ಅಂವಗ ತಾಗೇತಿ. ಕೈಲೆ ಚಲೋ ಮಾಡಿದಿ, ಅದನ್ನ ಬಿಡಬ್ಯಾಡ."

ಆಡಿದ ಮಾತು ನನ್ನ ಕಿವಿಗೇ ಬಡಿಯಿತು. ಆ ಪೋರ್ಚುಗೀಸ್ ರೆಫರಿ ಅಂದು ಏನು ನೋಡಿದ್ದ? ಎಂಟು ವರ್ಷದಲ್ಲಿ ನನ್ನ ಕಾಲನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಮೊದಲು ತಾಗಿದ್ದು ಚೆಂಡಿಗೋ ಅವನಿಗೋ? ನೆನಪಿನಲ್ಲಿ ಎಷ್ಟು ಸಲ ಜಾರಿದರೂ ಈಗ ಖಾತ್ರಿಯಾಗುತ್ತಿಲ್ಲ. ಅವನಿಗೇ ತಾಗಿದ್ದರೆ ಸೋಲಿಸಿದವನು ರೆಫರಿಯಲ್ಲ, ನಾನೇ, ತಿಯಾಗೋನ ಸಿಟ್ಟು ನ್ಯಾಯದ್ದು.

ನನ್ನ ಕಥೆ ಕೇಳಿ ಬಲ್ಲ ಇಂಡಿ ತಂಡದವರು ಪೋರ್ಚುಗಲ್ಲಿಗೇ ಹೋಗು ಅಂತ ಕೂಗುತ್ತಿದ್ದರು. ಚೆಂಡನ್ನು ಪೆನಾಲ್ಟಿ ಬಿಂದುವಿನ ಮೇಲಿಟ್ಟು ಹಿಂದೆ ಸರಿದೆ. ಕಾಲು ತಪ್ಪಿದ್ದರೆ ತಪ್ಪಿರಬಹುದು, ಇನ್ನು ಮೇಲೆ ಹಾಗೆಂದೇ ಹೇಳುತ್ತೇನೆ. ಕೈ ತಪ್ಪಿತೆಂದು ಮಾತ್ರ ಯಾವ ದೇಶದ ರೆಫರಿ ಬಂದು ಊದಿದರೂ ನಾನು ಒಪ್ಪುವವನಲ್ಲ.